‘ಇಳಿದು ಹೋದಳು’ ಎನ್ನುವ ಮಾತು ಸುಳ್ಳಲ್ಲ

ಸಾವಿನ ಮನೆಗೆ ಹೋಗಿ ಬಂದವರು ಹೇಳುವ ಒಂದು ಮಾತನ್ನು ನೀವೂ ಕೇಳಿರುತ್ತೀರಿ. ‘ಗಂಡ ಹೋದ ಮೇಲೆ ಆಯಮ್ಮ ಪೂರ್ತಿ ಇಳಿದು ಹೋದಳು. ಒಂದೇ ವರ್ಷಕ್ಕೆ ಹತ್ತು ವರ್ಷ ಆದಂಗೆ ಕಾಣ್ತಾಳೆ.’ ಹುಣಸೂರಿನ ಸಂತೆಯಲ್ಲಾಗಲಿ, ಕೆ.ಆರ್. ನಗರದ ಬಸ್ ನಿಲ್ದಾಣದಲ್ಲಾಗಲಿ ಈ ಮಾತು ಅಪರೂಪದ್ದೇನಲ್ಲ. ಕೇಳಿದವರು ‘ಅಯ್ಯೋ ಪಾಪ’ ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ. ವೈದ್ಯರಾದ ನಾವೂ ಬಹಳ ಕಾಲ ಹಾಗೆಯೇ ಸುಮ್ಮನಿದ್ದೆವು. ದುಃಖದಲ್ಲಿ ಊಟ ಬಿಟ್ಟಿದ್ದಾಳೆ, ನಿದ್ದೆ ಕೆಟ್ಟಿದ್ದಾಳೆ, ಅದಕ್ಕೇ ಸೊರಗಿದ್ದಾಳೆ, ಒಂದು ಟಾನಿಕ್ ಬರೆದುಕೊಟ್ಟರೆ ಸರಿಹೋಗುತ್ತದೆ ಎಂದುಕೊಂಡಿದ್ದೆವು.

ಈಗ ಹಾಗೆ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಕಳೆದ ಇಪ್ಪತ್ತು, ಇಪ್ಪತ್ತೈದು ವರ್ಷಗಳ ಸಂಶೋಧನೆ ಹಳ್ಳಿಯ ಹೆಂಗಸರ ಆ ಮಾತಿಗೆ ಸಾಕ್ಷಿ ಒದಗಿಸಿದೆ. ಬದುಕನ್ನೇ ಬುಡಮೇಲು ಮಾಡುವ ಪೆಟ್ಟು ಬಿದ್ದಾಗ ಮನಸ್ಸಿನ ಜತೆಗೆ ದೇಹವೂ ಬೇಗ ಮುಪ್ಪಾಗುತ್ತದೆ. ಮುಖದ ಸುಕ್ಕು, ಕೂದಲಿನ ನರೆ ಹೊರಗೆ ಕಾಣುವ ಗುರುತುಗಳಷ್ಟೆ. ರಕ್ತನಾಳ, ಹೃದಯ, ರೋಗನಿರೋಧಕ ಶಕ್ತಿ, ಕೊನೆಗೆ ಜೀವಕೋಶದೊಳಗಿನ ವರ್ಣತಂತುಗಳವರೆಗೆ ಆ ಪೆಟ್ಟಿನ ಗುರುತು ಇಳಿಯುತ್ತದೆ. ಈ ವಾರ ಅದನ್ನೇ ವಿವರಿಸಿ, ಕೊನೆಯಲ್ಲಿ ನಮ್ಮ ಸರ್ಕಾರಕ್ಕೂ ನಿಮಗೂ ಒಂದೊಂದು ಮಾತು ಹೇಳಬೇಕೆಂದಿದ್ದೇನೆ.

ಪ್ರತಿಯೊಬ್ಬರಿಗೂ ಎರಡು ವಯಸ್ಸು

ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ಬರೆದಿರುವುದು ಒಂದು ವಯಸ್ಸು. ಅದು ಹುಟ್ಟಿದ ದಿನದಿಂದ ಲೆಕ್ಕ ಹಾಕಿದ್ದು. ಅದು ಯಾರಿಗೂ ಬೇಗ ಓಡುವುದಿಲ್ಲ, ಯಾರಿಗೂ ನಿಧಾನವಾಗುವುದಿಲ್ಲ. ಇನ್ನೊಂದು ದೇಹದ ವಯಸ್ಸು. ನಿಮ್ಮ ಶಾಲೆಯ ಹಳೆಯ ಗೆಳೆಯರನ್ನು ನೆನಪು ಮಾಡಿಕೊಳ್ಳಿ. ಒಂದೇ ಬೆಂಚಿನಲ್ಲಿ ಕೂತವರು. ಐವತ್ತೈದಕ್ಕೆ ಒಬ್ಬ ಗದ್ದೆಯ ಬದುವಿನ ಮೇಲೆ ಸಲೀಸಾಗಿ ನಡೆಯುತ್ತಾನೆ. ಇನ್ನೊಬ್ಬ ಹತ್ತು ಹೆಜ್ಜೆಗೆ ಏದುಸಿರು ಬಿಡುತ್ತಾನೆ, ರಕ್ತದೊತ್ತಡ, ಸಕ್ಕರೆ ಎರಡಕ್ಕೂ ಮಾತ್ರೆ ನುಂಗುತ್ತಾನೆ. ಚೀಟಿಯ ವಯಸ್ಸು ಒಂದೇ, ದೇಹದ ವಯಸ್ಸು ಬೇರೆ.

ಈ ಎರಡನೆಯ ವಯಸ್ಸನ್ನು ಅಳೆಯುವ ದಾರಿಗಳು ಈಗ ಇವೆ. ಒಂದು, ವರ್ಣತಂತುಗಳ ತುದಿಯಲ್ಲಿರುವ ಟೆಲೋಮಿಯರ್ ಎಂಬ ಭಾಗವನ್ನು ಅಳೆಯುವುದು. ಹಗ್ಗದ ಎಳೆ ಬಿಚ್ಚಿಕೊಳ್ಳದಿರಲೆಂದು ತುದಿಗೆ ಗಂಟು ಹಾಕುತ್ತೇವಲ್ಲ, ಇದೂ ಹಾಗೆಯೇ. ಜೀವಕೋಶ ಒಡೆದು ಎರಡಾದಾಗಲೆಲ್ಲ ಈ ತುದಿ ಸ್ವಲ್ಪ ಸವೆಯುತ್ತದೆ. ತೀರ ಸವೆದ ಮೇಲೆ ಕೋಶ ಮತ್ತೆ ಒಡೆಯಲಾರದು. ಈ ತುದಿಗಳ ರಹಸ್ಯ ಬಿಡಿಸಿದ್ದಕ್ಕೆ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕರೋಲ್ ಗ್ರೈಡರ್, ಜ್ಯಾಕ್ ಶೋಸ್ತಕ್ ಅವರಿಗೆ 2009ರ ನೊಬೆಲ್ ಪ್ರಶಸ್ತಿ ಬಂತು.

ಇನ್ನೊಂದು ದಾರಿ ಜೀನುಗಳ ಮೇಲೆ ಬೀಳುವ ರಾಸಾಯನಿಕ ಗುರುತುಗಳನ್ನು ಓದುವುದು. ರೈತರಿಗೆ ಪಹಣಿಯ ಉದಾಹರಣೆ ಕೊಟ್ಟರೆ ಬೇಗ ಅರ್ಥವಾದೀತು. ಸರ್ವೆ ನಂಬರು ಅದೇ, ಜಮೀನೂ ಅದೇ. ಆದರೆ ಪಕ್ಕದಲ್ಲಿ ಸಾಲ, ಋಣ, ತಕರಾರು ಎಂದು ಬರೆದು ಬಿಟ್ಟರೆ ಆ ಜಮೀನಿನ ಉಪಯೋಗವೇ ಬದಲಾಗುತ್ತದೆ. ಜೀನೂ ಹಾಗೆಯೇ. ಅದರ ಅಕ್ಷರ ಬದಲಾಗದಿದ್ದರೂ ಪಕ್ಕದ ಷರಾ ಬದಲಾದರೆ ಅದು ಮಾಡುವ ಕೆಲಸ ಬದಲಾಗುತ್ತದೆ. ವಯಸ್ಸಾದಂತೆ ಈ ಷರಾಗಳು ಒಂದು ಕ್ರಮದಲ್ಲಿ ಬದಲಾಗುತ್ತವೆ. ಅಮೆರಿಕದ ಸ್ಟೀವ್ ಹೊರ್ವಾತ್ 2013ರಲ್ಲಿ ಜೀನುಗಳ 353 ಕಡೆಗಳಲ್ಲಿನ ಗುರುತು ನೋಡಿ ವಯಸ್ಸು ಹೇಳುವ ಲೆಕ್ಕವನ್ನು ಪ್ರಕಟಿಸಿದರು. ಚೀಟಿಯ ವಯಸ್ಸಿಗಿಂತ ಈ ಲೆಕ್ಕ ಮುಂದಿದ್ದರೆ ದೇಹ ಬೇಗ ಮುಪ್ಪಾಗುತ್ತಿದೆ ಎಂದು ಅರ್ಥ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಪೆಟ್ಟು

ಇದೆಲ್ಲ ದೂರದ ದೇಶದ ಪ್ರಯೋಗಶಾಲೆಯ ಮಾತು, ನಮಗೇನು ಎನ್ನಬೇಡಿ. ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಕಾಲಡಿಯ ನೆಲ ಸರಿದ ಜನ ಇಲ್ಲಿ ಎಷ್ಟೊಂದು!

ಕೃಷ್ಣರಾಜನಗರ ಎಂಬ ಊರು ಹುಟ್ಟಿದ್ದೇ ಒಂದು ಆಘಾತದಿಂದ. ಕಾವೇರಿಯ ಪ್ರವಾಹಕ್ಕೆ ಸಿಕ್ಕಿ ನಲುಗಿದ ಎಡತೊರೆಯ ಜನರಿಗಾಗಿ ದೂರದಲ್ಲಿ ಕಟ್ಟಿದ ಹೊಸ ಊರು ಅದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಬಂದ ಟಿಬೆಟನ್ನರು ಹಿಮಾಲಯ ದಾಟಿ, ದಾರಿಯಲ್ಲಿ ಬಂಧುಗಳನ್ನು ಕಳೆದುಕೊಂಡು, ಹಿಮದ ನಾಡಿನಿಂದ ಬಿಸಿಲಿನ ನಾಡಿಗೆ ಬಂದು ಕಾಡು ಕಡಿದು ಹೊಲ ಮಾಡಿದವರು. ಹುಣಸೂರಿನ ಗುರುಪುರದಲ್ಲೂ ಅವರ ನೆಲೆಯಿದೆ.

ಹೆಗ್ಗಡದೇವನಕೋಟೆಯ ಕಬಿನಿ ಜಲಾಶಯ 1974ರಲ್ಲಿ ತುಂಬಿದಾಗ ಅನೇಕ ಹಳ್ಳಿಗಳು ನೀರಿನ ಕೆಳಗೆ ಹೋದವು. ಅದೇ ಕಾಲದಿಂದ ನಾಗರಹೊಳೆಯ ಕಾಡಿನಿಂದ ಜೇನುಕುರುಬರು, ಬೆಟ್ಟಕುರುಬರು, ಯರವರು ಹೊರಬೀಳತೊಡಗಿದರು. ಹೈಕೋರ್ಟ್ ಸೂಚನೆಯ ಮೇಲೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ ಹೀಗೆ ನೆಲೆ ತಪ್ಪಿದ ಆದಿವಾಸಿ ಕುಟುಂಬಗಳು 3,418 ಎಂದು ಲೆಕ್ಕ ಕೊಟ್ಟಿತು. ಕಾಡಂಚಿನಲ್ಲಿ ಉಳಿದ ರೈತರ ಪಾಡು ಇನ್ನೊಂದು. 2025ರ ಕೊನೆಯಲ್ಲಿ ಸರಗೂರು ಭಾಗದಲ್ಲಿ ಹೊಲಕ್ಕೆ ಹೋದ ರೈತರು ಹುಲಿಗೆ ಬಲಿಯಾದಾಗ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಬೇಕಾಯಿತು.

ಇನ್ನು ಹುಣಸೂರು, ಪಿರಿಯಾಪಟ್ಟಣಗಳ ವರ್ಜೀನಿಯಾ ಹೊಗೆಸೊಪ್ಪು. ಸೊಪ್ಪು ಬೆಳೆದು, ಬೇಯಿಸಿ, ಬೇಲು ಕಟ್ಟಿ ಹರಾಜು ಕಟ್ಟೆಯಲ್ಲಿಟ್ಟಾಗ ಬೆಲೆ ಸಿಗದಿದ್ದರೆ ವರ್ಷದ ದುಡಿಮೆಯ ಜತೆಗೆ ಬ್ಯಾರನ್ನಿಗೆ, ಸೌದೆಗೆ, ಗೊಬ್ಬರಕ್ಕೆ ಮಾಡಿದ ಸಾಲವೂ ತಲೆಯ ಮೇಲೆ ಬೀಳುತ್ತದೆ. 2015ರಲ್ಲಿ ರಾಜ್ಯದ ಉದ್ದಗಲಕ್ಕೂ ರೈತರ ಆತ್ಮಹತ್ಯೆಗಳ ಸುದ್ದಿ ದಿನವೂ ಪತ್ರಿಕೆಯಲ್ಲಿ ಬಂದದ್ದನ್ನು ನೀವು ಮರೆತಿರಲಾರಿರಿ. ಸತ್ತವರ ಲೆಕ್ಕ ಬಂತು. ಆ ಮನೆಗಳಲ್ಲಿ ಉಳಿದವರು ಆಮೇಲೆ ಹೇಗೆ ಬದುಕಿದರು ಎಂದು ಕೇಳಿದವರು ಕಡಿಮೆ.

ಬ್ಯಾರನ್ನಿನ ಬೆಂಕಿ

ಆಘಾತ ದೇಹದೊಳಗೆ ಏನು ಮಾಡುತ್ತದೆ? ಹೊಗೆಸೊಪ್ಪು ಬೇಯಿಸುವವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಬ್ಯಾರನ್ನಿಗೆ ಮೊದಲು ಸಣ್ಣ ಉರಿ. ಸೊಪ್ಪು ಹಳದಿಗೆ ತಿರುಗಿದ ಮೇಲೆ ಮೆಲ್ಲನೆ ಉರಿ ಹೆಚ್ಚಿಸುತ್ತೀರಿ. ಕಡ್ಡಿ ಒಣಗಿದ ಮೇಲೆ ಉರಿ ನಿಲ್ಲಿಸಿ ಆರಲು ಬಿಡುತ್ತೀರಿ. ಬೆಂಕಿಯಿಲ್ಲದೆ ಸೊಪ್ಪು ಹದವಾಗದು. ಆದರೆ ಬೆಂಕಿ ಆರಿಸುವುದನ್ನೇ ಮರೆತರೆ ಸೊಪ್ಪು ಸುಡುತ್ತದೆ, ಒಮ್ಮೊಮ್ಮೆ ಬ್ಯಾರನ್ನೇ ಸುಟ್ಟುಹೋಗುತ್ತದೆ.

ದೇಹಕ್ಕೂ ಹೀಗೊಂದು ಬೆಂಕಿಯಿದೆ. ಹೊಲದಲ್ಲಿ ಆನೆ ಎದುರಾಯಿತೆನ್ನಿ. ಮೆದುಳು ಅಪಾಯದ ಸೂಚನೆ ಕೊಟ್ಟೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತವೆ. ಎದೆ ಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತಕ್ಕೆ ಸಕ್ಕರೆ ಬಂದು ಸ್ನಾಯುಗಳಿಗೆ ಶಕ್ತಿ ಸಿಗುತ್ತದೆ. ನೀವು ಓಡಿ ಬದುಕುತ್ತೀರಿ. ಆನೆ ಹೋಯಿತು, ಅರ್ಧ ಗಂಟೆಯಲ್ಲಿ ಬೆಂಕಿ ತಣ್ಣಗಾಯಿತು. ಇದರಿಂದ ದೇಹಕ್ಕೆ ಕೇಡಿಲ್ಲ.

ತೊಂದರೆಯಾಗುವುದು ಬೆಂಕಿ ಆರದೇ ಹೋದಾಗ. ಅಣ್ಣನನ್ನು ಕಣ್ಣೆದುರೇ ಆನೆ ತುಳಿದದ್ದನ್ನು ಕಂಡವನಿಗೆ ಆನೆ ಪ್ರತಿ ರಾತ್ರಿ ಕನಸಿನಲ್ಲಿ ಮತ್ತೆ ಬರುತ್ತದೆ. ಎಲೆ ಅಲುಗಿದರೆ ಬೆಚ್ಚಿ ಬೀಳುತ್ತಾನೆ. ಆ ಹೊಲದ ಕಡೆ ಹೋಗುವುದನ್ನೇ ಬಿಡುತ್ತಾನೆ. ಮಾತು ಕಡಿಮೆಯಾಗುತ್ತದೆ, ಸಿಟ್ಟು ಹೆಚ್ಚುತ್ತದೆ. ಇಂಥ ಲಕ್ಷಣಗಳು ಒಂದು ತಿಂಗಳು ಮೀರಿ ಉಳಿದರೆ ಅದು ಆಘಾತೋತ್ತರ ಒತ್ತಡದ ಕಾಯಿಲೆಯಿರಬಹುದು. ವೈದ್ಯಶಾಸ್ತ್ರ 1980ರಲ್ಲಿ ಇದಕ್ಕೆ ಕಾಯಿಲೆಯ ಸ್ಥಾನ ಕೊಟ್ಟಿದೆ. ಇದು ಹೇಡಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ.

ಒಳಗಿನ ಬೆಂಕಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉರಿದರೆ ರಕ್ತನಾಳಗಳು ಪೆಡಸಾಗುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ. ದೇಹದಲ್ಲೆಲ್ಲ ಸಣ್ಣ ಪ್ರಮಾಣದ ಉರಿಯೂತ ನೆಲೆಸುತ್ತದೆ. ನಿದ್ದೆಯಲ್ಲಿ ನಡೆಯಬೇಕಾದ ದುರಸ್ತಿ ಕೆಲಸ ನಿಲ್ಲುತ್ತದೆ. ವಯಸ್ಸಾದಾಗ ನಿಧಾನವಾಗಿ ಆಗುವ ಬದಲಾವಣೆಗಳೇ ಇವು. ಆಘಾತ ಅವನ್ನು ಮುಂಚಿತವಾಗಿ ತಂದು ನಿಲ್ಲಿಸುತ್ತದೆ.

ಅಳೆದು ನೋಡಿದವರು ಏನು ಕಂಡರು?

ಸಂಗಾತಿ ಹೋದ ದುಃಖದಿಂದ ಸಾವು ಬರುತ್ತದೆಯೇ ಎಂದು ಇಂಗ್ಲೆಂಡಿನ ವೈದ್ಯರು ಬಹಳ ಹಿಂದೆಯೇ ಲೆಕ್ಕ ಹಾಕಿದರು. 55 ವರ್ಷ ದಾಟಿದ, ಹೆಂಡತಿಯನ್ನು ಕಳೆದುಕೊಂಡ 4,486 ಗಂಡಸರ ವಿವರ 1969ರಲ್ಲಿ ಪ್ರಕಟವಾಯಿತು. ಮೊದಲ ಆರು ತಿಂಗಳಲ್ಲಿ ಅವರಲ್ಲಿ ಆದ ಸಾವುಗಳು ಆ ವಯಸ್ಸಿನವರಲ್ಲಿ ನಿರೀಕ್ಷಿಸಬಹುದಾದ ಸಾವಿಗಿಂತ ಶೇಕಡ 40ರಷ್ಟು ಹೆಚ್ಚು. ಬಹುಪಾಲು ಹೃದಯದ ಕಾಯಿಲೆಯಿಂದ.

2004ರಲ್ಲಿ ಎಲಿಸ್ಸಾ ಎಪೆಲ್ ಮತ್ತು ಬ್ಲ್ಯಾಕ್‌ಬರ್ನ್ ಅವರ ತಂಡ 58 ತಾಯಂದಿರನ್ನು ಪರೀಕ್ಷಿಸಿತು. ಅವರಲ್ಲಿ ಹೆಚ್ಚಿನವರು ದೀರ್ಘ ಕಾಯಿಲೆಯ ಮಕ್ಕಳನ್ನು ಸಾಕುತ್ತಿದ್ದವರು. ಆರೈಕೆಯ ವರ್ಷಗಳು ಹೆಚ್ಚಾದಷ್ಟೂ ಅವರ ಟೆಲೋಮಿಯರ್ ಮೊಟಕಾಗಿತ್ತು. ಅತಿ ಹೆಚ್ಚು ಒತ್ತಡವಿದೆ ಎಂದ ತಾಯಂದಿರ ಜೀವಕೋಶಗಳು ಒತ್ತಡ ಕಡಿಮೆಯಿದ್ದವರಿಗಿಂತ ಕನಿಷ್ಠ ಹತ್ತು ವರ್ಷ ಹೆಚ್ಚು ವಯಸ್ಸಾದಂತಿದ್ದವು. ‘ಒಂದೇ ವರ್ಷಕ್ಕೆ ಹತ್ತು ವರ್ಷ ಆದಂಗೆ’ ಎಂಬ ನಮ್ಮ ಹಳ್ಳಿಯ ಲೆಕ್ಕದಲ್ಲಿ ಒಂದು ವರ್ಷ ಎನ್ನುವುದು ಹೆಚ್ಚಾಯಿತೇನೋ, ಹತ್ತು ವರ್ಷ ಎನ್ನುವುದು ಹೆಚ್ಚಲ್ಲ.

ಇನ್ನೊಂದು ಉದಾಹರಣೆಗೆ ನಮ್ಮ ದೇಶದ ನಂಟೂ ಇದೆ. 1938ರಲ್ಲಿ ಭಾರತದಿಂದ ಮಂಗಗಳನ್ನು ಒಯ್ದು ಪೋರ್ಟೊ ರಿಕೊ ಬಳಿಯ ಒಂದು ಪುಟ್ಟ ದ್ವೀಪದಲ್ಲಿ ಬಿಟ್ಟಿದ್ದರು. ಅವುಗಳ ಸಂತತಿ ಈಗಲೂ ಅಲ್ಲಿದೆ. 2017ರ ಸೆಪ್ಟೆಂಬರಿನಲ್ಲಿ ಮಾರಿಯಾ ಎಂಬ ಚಂಡಮಾರುತ ಆ ದ್ವೀಪದ ಮರಗಳನ್ನೆಲ್ಲ ಕಿತ್ತೆಸೆಯಿತು. ಮಂಗಗಳ ರಕ್ತ ಪರೀಕ್ಷಿಸಿದವರು 2022ರಲ್ಲಿ ವರದಿ ಮಾಡಿದರು. ಚಂಡಮಾರುತ ಕಂಡ ಮಂಗಗಳ ರೋಗನಿರೋಧಕ ವ್ಯವಸ್ಥೆ ಸರಾಸರಿ ಎರಡು ವರ್ಷ ಹೆಚ್ಚು ಮುಪ್ಪಾಗಿತ್ತು. ಮನುಷ್ಯರ ಲೆಕ್ಕದಲ್ಲಿ ಅದು ಏಳೆಂಟು ವರ್ಷ. ಆ ಮಂಗಗಳು ಬೀಡಿ ಸೇದುವುದಿಲ್ಲ, ಸಾರಾಯಿ ಕುಡಿಯುವುದಿಲ್ಲ. ಪೆಟ್ಟೊಂದೇ ಅಷ್ಟು ಮಾಡಬಲ್ಲದು.

ಖೆಡ್ಡಾಕ್ಕೆ ಬಿದ್ದ ಆನೆ

ಎಚ್.ಡಿ. ಕೋಟೆಯ ಹಿರಿಯರಿಗೆ ಕಾಕನಕೋಟೆಯ ಖೆಡ್ಡಾ ನೆನಪಿರುತ್ತದೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಾಡಾನೆಗಳ ಹಿಂಡನ್ನು ಕಬಿನಿ ಹೊಳೆಗೆ ಅಟ್ಟಿ, ಕೂಡಿ ಹಾಕಿ, ಪಳಗಿಸುವ ಆ ನೋಟವನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಿದ್ದರು. ಹಿಡಿದ ಆನೆಯ ಒಳಗೆ ಏನಾಗುತ್ತಿತ್ತೆಂದು ಯಾರು ಕೇಳಿದರು?

ಬರ್ಮಾ ದೇಶದ ಮರದ ಡಿಪೋಗಳಲ್ಲಿ ದುಡಿದ ಐದು ಸಾವಿರಕ್ಕೂ ಹೆಚ್ಚು ಆನೆಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಶಿಬಿರದಲ್ಲೇ ಹುಟ್ಟಿದ ಆನೆ, ಕಾಡಿನಿಂದ ಹಿಡಿದು ತಂದ ಆನೆ ಎರಡಕ್ಕೂ ಅದೇ ಕೆಲಸ, ಅದೇ ಮೇವು, ಅದೇ ಮಾವುತರು. ಆದರೂ ಹಿಡಿದು ತಂದ ಆನೆಗಳ ಆಯಸ್ಸು ಮೂರರಿಂದ ಏಳು ವರ್ಷ ಕಡಿಮೆ. ಹಿಡಿದ ಮೊದಲ ವರ್ಷ ಸಾವಿನ ಅಪಾಯ ಬಹಳ ಹೆಚ್ಚು. ಅದು ಪೂರ್ತಿ ತಗ್ಗಲು ಹತ್ತು ವರ್ಷಗಳೇ ಬೇಕಾದವು. ಹಿಂಡಿನಿಂದ ಕಿತ್ತು ತಂದ ನೋವು ಅಷ್ಟು ದೊಡ್ಡ ದೇಹವನ್ನೂ ಬಿಡಲಿಲ್ಲ. ಹಾಡಿಯಿಂದ ಎದ್ದು ಬಂದ ಜೇನುಕುರುಬ ಅಜ್ಜನ ದೇಹ ಅದಕ್ಕಿಂತ ಗಟ್ಟಿಯೇ?

‘ನಮ್ಮಜ್ಜಿ ತೊಂಬತ್ತು ಬದುಕಲಿಲ್ಲವೇ?’

ಈ ಪ್ರಶ್ನೆ ನಿಮ್ಮ ಮನಸ್ಸಿಗೆ ಬಂದಿರಲೇಬೇಕು. ಹಿಂದಿನವರು ಪ್ಲೇಗು ಕಂಡರು, ಬರ ಕಂಡರು, ಹೆತ್ತ ಹತ್ತರಲ್ಲಿ ಐದನ್ನು ಮಣ್ಣು ಮಾಡಿದರು. ಅವರೇನು ಬೇಗ ಸತ್ತರೇ? ಈಗಿನವರಿಗೆ ಮೈ ಮೆತ್ತಗೆ, ಎಲ್ಲಕ್ಕೂ ಒಂದು ಕಾಯಿಲೆಯ ಹೆಸರು ಎಂದು ಹಿರಿಯರು ಹೇಳುತ್ತಾರೆ.

ಪ್ರಶ್ನೆ ಸರಿಯಾದದ್ದೇ. ಆದರೆ ತೊಂಬತ್ತು ಬದುಕಿದ ಅಜ್ಜಿ ನಮ್ಮ ಕಣ್ಣಿಗೆ ಬೀಳುತ್ತಾಳೆ. ಅವಳ ಓರಗೆಯವರಲ್ಲಿ ನಲವತ್ತಕ್ಕೇ ಹೋದವರು ಕಣ್ಣಿಗೆ ಬೀಳುವುದಿಲ್ಲ, ಅವರ ಫೋಟೋ ಕೂಡ ಗೋಡೆಯ ಮೇಲಿಲ್ಲ. ಇನ್ನೊಂದು ಮಾತು. ಆ ಅಜ್ಜಿಯ ಸುತ್ತ ಜನರಿದ್ದರು. ಸತ್ತ ಮನೆಯಲ್ಲಿ ಹನ್ನೊಂದು ದಿನ ಒಲೆ ಹಚ್ಚಲು ಬಿಡದೆ ನೆರೆಯವರು ಅನ್ನ ತಂದರು. ಕೂತು ಜೋರಾಗಿ ಅಳಲು ಅವಳಿಗೆ ಜಾಗವಿತ್ತು. ಕೆಲಸಕ್ಕೆ ಹೋದರೆ ಪಕ್ಕದಲ್ಲಿ ನಾಟಿ ಹಾಕುವ ಹತ್ತು ಹೆಂಗಸರಿದ್ದರು. ಅದೇ ಅವಳಿಗೆ ಔಷಧವಾಗಿತ್ತು.

ಬೈಲಕುಪ್ಪೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಎಲ್ಲವನ್ನೂ ಕಳೆದುಕೊಂಡು ಬಂದ ಟಿಬೆಟನ್ ಹಿರಿಯರು ಬೆಳಿಗ್ಗೆ, ಸಂಜೆ ಒಟ್ಟಿಗೆ ಪ್ರದಕ್ಷಿಣೆ ಹಾಕುತ್ತಾರೆ, ಒಟ್ಟಿಗೆ ಜಪಿಸುತ್ತಾರೆ. ಉತ್ತರದ ಧರ್ಮಶಾಲೆಗೆ ಹೊಸದಾಗಿ ಬಂದ ಟಿಬೆಟನ್ ನಿರಾಶ್ರಿತರನ್ನು ಪರೀಕ್ಷಿಸಿದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ವರದಿಯಂತೆ, ಅವರು ಕಂಡ ಹಿಂಸೆಗೆ ಹೋಲಿಸಿದರೆ ಅವರಲ್ಲಿ ಮನೋವ್ಯಥೆ ಅಚ್ಚರಿಯಾಗುವಷ್ಟು ಕಡಿಮೆಯಿತ್ತು. ನಂಬಿಕೆ ಅವರ ಕೈ ಹಿಡಿದಿತ್ತು. ಚಂಡಮಾರುತ ಕಂಡ ಮಂಗಗಳೂ ಅಷ್ಟೆ. ಆಹಾರಕ್ಕಾಗಿ ಕಚ್ಚಾಡುವ ಬದಲು ಅವು ಹೊಸ ಸ್ನೇಹ ಮಾಡಿಕೊಂಡವು, ಉಳಿದ ಒಂದೆರಡು ಮರದ ನೆರಳಲ್ಲಿ ಒಟ್ಟಿಗೆ ಕೂತವು.

ಮುಪ್ಪಾದ ದೇಹ ಹಿಂದಕ್ಕೆ ಬರುತ್ತದೆಯೇ? ಸ್ವಲ್ಪ ಮಟ್ಟಿಗೆ ಬರುತ್ತದೆ ಎಂಬುದೇ ಸಮಾಧಾನದ ಸುದ್ದಿ. 2023ರಲ್ಲಿ ಹಾರ್ವರ್ಡ್ ಸಂಶೋಧಕರ ತಂಡ ಸೊಂಟದ ಮೂಳೆ ಮುರಿದು ತುರ್ತು ಶಸ್ತ್ರಚಿಕಿತ್ಸೆಗೆ ಒಳಗಾದ ವೃದ್ಧರನ್ನು ಪರೀಕ್ಷಿಸಿತು. ಮರುದಿನ ಬೆಳಿಗ್ಗೆಗೆ ಅವರ ದೇಹದ ವಯಸ್ಸು ಏರಿತ್ತು. ವಾರದೊಳಗೆ ಅದು ಮತ್ತೆ ಇಳಿದಿತ್ತು. ಮೊದಲೇ ದಿನ ಗೊತ್ತು ಮಾಡಿಕೊಂಡು ನಡೆಸಿದ ಶಸ್ತ್ರಚಿಕಿತ್ಸೆಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಇದರಿಂದ ಎರಡು ಪಾಠ. ಅನಿರೀಕ್ಷಿತ ಪೆಟ್ಟೇ ಹೆಚ್ಚು ಅಪಾಯ. ಪೆಟ್ಟಿನ ನಂತರ ಚೇತರಿಕೆಗೆ ಅವಕಾಶ ಸಿಕ್ಕರೆ ದೇಹ ತನ್ನ ಲೆಕ್ಕವನ್ನು ತಾನೇ ತಿದ್ದಿಕೊಳ್ಳಬಲ್ಲದು. ನಾವು ಆ ಅವಕಾಶ ಕೊಡುತ್ತಿದ್ದೇವೆಯೇ ಎಂಬುದೇ ಪ್ರಶ್ನೆ.

ಮಕ್ಕಳ ಲೆಕ್ಕ ಬೇರೆ

ಬಾಲ್ಯದಲ್ಲಿ ಬಿದ್ದ ಪೆಟ್ಟು ಇನ್ನೂ ಆಳಕ್ಕಿಳಿಯುತ್ತದೆ. ಅಮೆರಿಕದಲ್ಲಿ 17 ಸಾವಿರಕ್ಕೂ ಹೆಚ್ಚು ಜನರ ಬಾಲ್ಯವನ್ನು ವಿಚಾರಿಸಿದ ಅಧ್ಯಯನದ ಮೊದಲ ವರದಿ 1998ರಲ್ಲಿ ಬಂತು. ಬಾಲ್ಯದಲ್ಲಿ ಹಿಂಸೆ, ಮನೆಯ ಒಡಕು, ಕುಡಿತದ ಕಾಟ ಇತ್ಯಾದಿ ಕಷ್ಟಗಳು ಹೆಚ್ಚಾದಷ್ಟೂ ನಡುವಯಸ್ಸಿನಲ್ಲಿ ಹೃದಯ, ಶ್ವಾಸಕೋಶ, ಯಕೃತ್ತಿನ ಕಾಯಿಲೆಗಳು ಹೆಚ್ಚು ಎಂದು ಅದು ತೋರಿಸಿತು.

ಗರ್ಭದಲ್ಲಿರುವ ಕೂಸೂ ಇದಕ್ಕೆ ಹೊರತಲ್ಲ. ಈ ವಿಷಯದಲ್ಲಿ ನಮ್ಮ ಮೈಸೂರೇ ಜಗತ್ತಿಗೆ ಪಾಠ ಹೇಳಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎಂದು ಕರೆಯುವಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ತೂಕ ಕಡಿಮೆಯಿದ್ದವರಲ್ಲಿ ನಡುವಯಸ್ಸಿಗೆ ಹೃದ್ರೋಗ ಹೆಚ್ಚಾಗಿತ್ತು. ತಾಯಿಯೂ ಸಣಕಲಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಆ ಅಧ್ಯಯನ ಅಳೆದದ್ದು ದುಃಖವನ್ನಲ್ಲ, ಗರ್ಭದಲ್ಲಿನ ಬೆಳವಣಿಗೆಯನ್ನು. ಆದರೂ ಅದರ ಪಾಠ ಇಲ್ಲಿಗೂ ಸಲ್ಲುತ್ತದೆ: ದೇಹ ಯಾವ ಲೆಕ್ಕವನ್ನೂ ಮರೆಯುವುದಿಲ್ಲ. ಗಂಡನನ್ನು ಕಳೆದುಕೊಂಡ ಬಸುರಿಗೆ ಒಂದು ಹೊತ್ತು ಊಟ ತಪ್ಪಿದರೆ ಅದರ ಬಡ್ಡಿ ಕಟ್ಟುವುದು ಇನ್ನೂ ಹುಟ್ಟದ ಮಗು, ಐವತ್ತು ವರ್ಷಗಳ ನಂತರ.

ಪರಿಹಾರದ ಚೆಕ್ಕಿನ ಜತೆ ವೈದ್ಯರೂ ಬರಲಿ

ಸರ್ಕಾರಕ್ಕೆ ಹೇಳಬೇಕಾದ ಮಾತು ಇದು. ಆತ್ಮಹತ್ಯೆ ಮಾಡಿಕೊಂಡ ರೈತನ ಕುಟುಂಬಕ್ಕೆ ಕೊಡುವ ಪರಿಹಾರವನ್ನು ರಾಜ್ಯ ಸರ್ಕಾರ 2015ರಲ್ಲಿ 5 ಲಕ್ಷ ರೂಪಾಯಿಗೆ ಏರಿಸಿತು. ಕಾಡುಪ್ರಾಣಿಗೆ ಬಲಿಯಾದವರ ಮನೆಗೂ ಪರಿಹಾರವಿದೆ. ಇದು ಆಗಬೇಕಾದದ್ದೇ. ಆದರೆ ಈ ಹಣ ಸತ್ತವನ ಜೀವದ ಬೆಲೆ. ಉಳಿದವರ ದೇಹ ಸವೆಯುತ್ತಿರುವುದಕ್ಕೆ ಯಾವ ಕಾಲಂ ಕೂಡ ಆ ಅರ್ಜಿಯಲ್ಲಿಲ್ಲ. ಅಧಿಕಾರಿಗಳು ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಮಹಜರು ಬರೆಯುತ್ತಾರೆ. ಆ ಮನೆಯ ವಿಧವೆಯ ರಕ್ತದೊತ್ತಡವನ್ನು ಒಮ್ಮೆ ನೋಡೋಣ ಎಂದು ಅವರಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಇದಕ್ಕೆ ದೊಡ್ಡ ಯಂತ್ರ ಬೇಡ. ಟೆಲೋಮಿಯರ್ ಅಳೆಯುವುದೂ ಬೇಡ. ಅಕಾಲದ ಸಾವು, ಎತ್ತಂಗಡಿ, ಬೆಂಕಿ, ಪ್ರಾಣಿದಾಳಿಗೆ ಸಿಕ್ಕಿದ ಪ್ರತಿ ಮನೆಯ ಹೆಸರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರ ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು, ವರ್ಷ ಕಳೆದಾಗ ಆಶಾ ಕಾರ್ಯಕರ್ತೆಯೊಬ್ಬರು ಹೋಗಿ ನಾಲ್ಕು ಸಂಗತಿ ನೋಡಲಿ: ರಕ್ತದೊತ್ತಡ, ಸಕ್ಕರೆ, ತೂಕ, ನಿದ್ದೆ. ಬಾಣಂತಿಯರಿಗೆ, ಕ್ಷಯರೋಗಿಗಳಿಗೆ ಹೀಗೆ ಲೆಕ್ಕ ಇಡುವುದು ನಮಗೆ ಬರುತ್ತದೆ. ದುಃಖಿಗಳಿಗೇಕೆ ಇಡಬಾರದು? ಮನೋವೈದ್ಯ ಸೇವೆಯನ್ನು ಜಿಲ್ಲೆಯ ಹಳ್ಳಿಗಳಿಗೆ ತಲುಪಿಸುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿಯಲ್ಲಿ ಮಾಡಿ ತೋರಿಸಿತು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಆ ಮಾದರಿಯಿಂದ. ದಾರಿ ತೋರಿಸಿದ ರಾಜ್ಯದಲ್ಲೇ ಕಾಡಂಚಿನ ಹಾಡಿಗೆ ಆ ದಾರಿ ತಲುಪದಿದ್ದರೆ ಹೇಗೆ?

ಇನ್ನೊಂದು ಮಾತು. ತಡವಾದ ಪರಿಹಾರವೇ ಒಂದು ಕಾಯಿಲೆ. ಒಂದೇ ಕಡತಕ್ಕಾಗಿ ವಿಧವೆ ಹತ್ತು ಸಲ ತಾಲ್ಲೂಕು ಕಚೇರಿಗೆ ಅಲೆದಾಗ, ಗಂಡ ಹೇಗೆ ಸತ್ತ ಎಂಬುದನ್ನು ಹತ್ತು ಸಲ ಹೇಳಿ ಅತ್ತಾಗ, ಬ್ಯಾರನ್ನಿಗೆ ಮತ್ತೆ ಮತ್ತೆ ಸೌದೆ ಒಟ್ಟಿದಂತಾಗುತ್ತದೆ. ಬೆಳೆಹಾನಿ, ಪ್ರಾಣಹಾನಿಯ ಪರಿಹಾರದ ಅರ್ಜಿ ಹಾಕಲು ರೈತರಿಗೆ ನೆರವಾಗುವ ‘ವೈಲ್ಡ್ ಸೇವೆ’ ಎಂಬ ಯೋಜನೆಯನ್ನು ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ 2015ರಲ್ಲಿ ಬಂಡೀಪುರ, ನಾಗರಹೊಳೆ ಸುತ್ತ ಆರಂಭಿಸಿತು. ಹೊರಗಿನ ಒಂದು ಸಂಸ್ಥೆಗೆ ಹೊಳೆದದ್ದು ಕಚೇರಿಗಳಿಗೇಕೆ ಹೊಳೆಯಬಾರದು? ಬೇಗ ಕೈ ಸೇರಿದ ಹಣವೂ ಒಂದು ಮದ್ದು. ವೈದ್ಯನಾಗಿ ಈ ಮಾತನ್ನು ಹೇಳುತ್ತಿದ್ದೇನೆ.

ಮನೆಯವರು ಮಾಡಬೇಕಾದದ್ದು

ಸರ್ಕಾರ ಬರುವವರೆಗೆ ಕಾಯಬೇಕಿಲ್ಲ. ನಿಮ್ಮ ಬೀದಿಯಲ್ಲಿ, ನಿಮ್ಮ ನಂಟರಲ್ಲಿ ಇಂಥ ಮನೆಯೊಂದು ಇದ್ದೇ ಇರುತ್ತದೆ.

ತಿಥಿ ಮುಗಿದ ಮೇಲೆ ಹೋಗಿ. ಹನ್ನೊಂದು ದಿನ ಮನೆ ತುಂಬ ಜನ. ಹನ್ನೆರಡನೆಯ ದಿನದಿಂದ ಯಾರೂ ಇಲ್ಲ. ನಿಜವಾದ ಕಷ್ಟ ಆಗ ಶುರು. ತಿಂಗಳಿಗೊಮ್ಮೆ ಹೋಗಿ ಅರ್ಧ ಗಂಟೆ ಕೂತು ಬನ್ನಿ. ಮಾತಾಡಿದರೆ ಕೇಳಿ. ಮಾತಾಡದಿದ್ದರೆ ಬಲವಂತ ಬೇಡ, ಸುಮ್ಮನೆ ಕೂತರೂ ಸಾಕು. ‘ಆದದ್ದಾಯಿತು, ಮರೆತುಬಿಡು’ ಎನ್ನಬೇಡಿ. ಮರೆಯುವುದು ಅವರ ಕೈಯಲ್ಲಿಲ್ಲ.

‘ಇವಳ ಕಾಲ್ಗುಣವೇ ಸರಿಯಿಲ್ಲ’ ಎಂಬ ಮಾತು ನಿಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರದಿರಲಿ. ಪೆಟ್ಟು ತಿಂದವಳಿಗೆ ಅದು ಎರಡನೆಯ ಪೆಟ್ಟು.

ಮರೆಯಲೆಂದು ಗಂಡಸರು ಕುಡಿತಕ್ಕೆ, ಬೀಡಿಗೆ ಕೈ ಹಾಕುತ್ತಾರೆ. ಇವೆರಡೂ ಮುಪ್ಪನ್ನು ಇನ್ನಷ್ಟು ಓಡಿಸುತ್ತವೆ. ಹಾಗೆಯೇ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನುಂಗುವುದೂ ಬೇಡ. ಹೊತ್ತಿಗೆ ಸರಿಯಾಗಿ ಊಟ, ದಿನಕ್ಕೆ ಅರ್ಧ ಗಂಟೆ ನಡಿಗೆ, ಒಂದೇ ಹೊತ್ತಿಗೆ ಮಲಗುವ ಅಭ್ಯಾಸ, ಕೈಗೆ ಒಂದು ಕೆಲಸ, ವಾರಕ್ಕೊಮ್ಮೆ ಭಜನೆಗೋ ಸ್ತ್ರೀಶಕ್ತಿ ಸಂಘಕ್ಕೋ ಹೋಗಿ ನಾಲ್ಕು ಜನರ ಮುಖ ನೋಡುವುದು, ಇವೆಲ್ಲ ಒಳಗಿನ ಬೆಂಕಿ ತಗ್ಗಿಸುವ ದಾರಿಗಳು.

ಮಗು ಹಾಸಿಗೆ ಒದ್ದೆ ಮಾಡತೊಡಗಿದರೆ, ಶಾಲೆಯಲ್ಲಿ ಮಂಕಾದರೆ ಹೊಡೆಯಬೇಡಿ. ಮೇಷ್ಟ್ರಿಗೆ ಮನೆಯ ಸಂಗತಿ ತಿಳಿಸಿ.

ಕೆಟ್ಟ ಕನಸು, ಬೆಚ್ಚುವುದು, ನಿದ್ದೆಗೇಡು ತಿಂಗಳು ದಾಟಿದರೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿ. ಇದಕ್ಕೆ ಸಮಾಲೋಚನೆಯೂ ಔಷಧವೂ ಇವೆ, ಗುಣವಾದವರು ಬಹಳ ಜನ ಇದ್ದಾರೆ. ‘ಬದುಕಿ ಏನಾಗಬೇಕು’ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಅವರನ್ನು ಒಬ್ಬರನ್ನೇ ಬಿಡಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಕೊನೆಯದಾಗಿ, ‘ದೇಹದ ವಯಸ್ಸು ಹೇಳುತ್ತೇವೆ, ವಯಸ್ಸು ಇಳಿಸುವ ಮಾತ್ರೆ ಕೊಡುತ್ತೇವೆ’ ಎಂಬ ಜಾಹೀರಾತುಗಳಿಗೆ ಹಣ ಸುರಿಯಬೇಡಿ. ಸಂಶೋಧಕರಿಗೆ ನೂರಾರು ಜನರ ಸರಾಸರಿ ಹೇಳಲು ಆ ಪರೀಕ್ಷೆಗಳು ಉಪಯುಕ್ತ. ಒಬ್ಬರ ಹಣೆಬರಹ ಹೇಳಲು ಅವು ಸಾಲವು. ಆ ದುಡ್ಡಿನಲ್ಲಿ ರಾಗಿ, ಬೇಳೆ, ಮೊಟ್ಟೆ, ಸೊಪ್ಪು ತನ್ನಿ.

ಮುಂದಿನ ಸಲ ಯಾರಾದರೂ ‘ಆಯಮ್ಮ ಇಳಿದು ಹೋಗಿದ್ದಾಳೆ’ ಎಂದಾಗ ನಿಟ್ಟುಸಿರು ಬಿಟ್ಟು ಸುಮ್ಮನಾಗಬೇಡಿ. ಅದು ರೋಗದ ಲಕ್ಷಣ ಹೇಳಿದಂತೆ ಎಂದು ತಿಳಿಯಿರಿ. ‘ಅವಳ ಬಿ.ಪಿ. ನೋಡಿಸಿದಿರಾ? ರಾತ್ರಿ ನಿದ್ದೆ ಬರುತ್ತದೆಯೇ? ಜತೆಗೆ ಯಾರಿದ್ದಾರೆ?’ ಎಂದು ಕೇಳಿ. ಯಾರೂ ಇಲ್ಲವೆಂದರೆ ಆ ಸಂಜೆ ನೀವೇ ಹೊರಡಿ.